ತುಕ್ಕಿನ ಗಾಜಿನಿಂದ ಹೈಡ್ರೋಜನ್: ಚಿಕ್ಕಮಗಳೂರಿನ ಬಿಸಿಲಲ್ಲಿ ಕಟ್ಟಿದ ಒಂದು ಸೆಲ್

ಒಂದು ಸಿಲಿಕಾನ್ ಸೋಲಾರ್ ಸೆಲ್ ಒಳ್ಳೆ ಬಿಸಿಲಲ್ಲಿ ಕೊಡುವುದು ಹೆಚ್ಚು ಕಮ್ಮಿ 0.55 ವೋಲ್ಟ್. ಎರಡನ್ನು ಸರಣಿಯಲ್ಲಿ ಜೋಡಿಸಿದರೆ 1.1 ವೋಲ್ಟ್. ನೀರನ್ನು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಒಡೆಯಲು ಕನಿಷ್ಠ 1.23 ವೋಲ್ಟ್ ಬೇಕು. ಅಂದಮೇಲೆ ಎರಡು ಸೆಲ್ಲಿನಿಂದ ನೀರು ಒಡೆಯುವುದಿಲ್ಲ, ಎಷ್ಟು ಹೊತ್ತು ಬಿಸಿಲಿಗೆ ಇಟ್ಟರೂ ಇಲ್ಲ. ಆದರೆ ಅದೇ ಎರಡು ಸೆಲ್ಲಿನ ಜೊತೆಗೆ, ಮೈಮೇಲೆ ತೆಳ್ಳಗೆ ತುಕ್ಕು ಬೆಳೆಸಿದ ಗಾಜಿನ ಚೂರುಗಳನ್ನು ಸೇರಿಸಿ ಬಿಸಿಲಿಗೆ ಹಿಡಿದರೆ ಒಡೆಯುತ್ತದೆ. ಕಡಿಮೆ ಬಿದ್ದ ವೋಲ್ಟೇಜನ್ನು ತುಕ್ಕು ತುಂಬಿಕೊಡುತ್ತದೆ. ಇದನ್ನು ಓದಿ ತಿಳಿದರೆ ಸಾಲದು, ಕಣ್ಣಾರೆ ನೋಡಬೇಕು, ಬಂದ ಗ್ಯಾಸನ್ನು ಅಳೆಯಬೇಕು ಅಂತ ನನಗೆ ತುಂಬಾ ಆಸೆ ಇತ್ತು.

ಪಂಪ್‌ಸೆಟ್ ಮತ್ತು ಕಾಫಿ ಪಲ್ಪರ್ ರಿಪೇರಿ ನನ್ನ ಕೆಲಸ. ಓದಿದ್ದು ಬಿಎಸ್ಸಿ, ಕೆಮಿಸ್ಟ್ರಿ. ಕೊಯ್ಲು ಮುಗಿದು ಕಾಫಿ ಕ್ಯೂರಿಂಗ್‌ಗೆ ಹೋದಮೇಲೆ ನಮ್ಮ ಮನೆ ಮುಂದಿನ ಕಣ ಖಾಲಿ. ಫೆಬ್ರವರಿ, ಮಾರ್ಚ್‌ನಲ್ಲಿ ಅಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ನೆರಳು ಬೀಳುವುದಿಲ್ಲ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಜಾಗ ಬೇಡ.

ತುಕ್ಕೇ ಯಾಕೆ ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಟೈಟಾನಿಯಂ ಡೈಆಕ್ಸೈಡ್‌ನ ಒಂದು ಎಲೆಕ್ಟ್ರೋಡನ್ನು ನೀರಿನಲ್ಲಿಟ್ಟು ಬೆಳಕು ಬಿಟ್ಟರು. ನೀರು ಒಡೆಯಿತು. ಈ ಕ್ಷೇತ್ರ ಬೆಳೆದದ್ದು ಅಲ್ಲಿಂದಲೇ ಅನ್ನಬಹುದು. ಆದರೆ ಟೈಟಾನಿಯಂ ಡೈಆಕ್ಸೈಡ್ ಹೀರುವುದು ಅಲ್ಟ್ರಾವಯಲೆಟ್ ಬೆಳಕನ್ನು ಮಾತ್ರ. ನೆಲಕ್ಕೆ ಬೀಳುವ ಬಿಸಿಲಿನಲ್ಲಿ ಅದರ ಪಾಲು ನೂರಕ್ಕೆ ನಾಲ್ಕೈದು. ಉಳಿದ ಬಿಸಿಲು ಸುಮ್ನೆ ಹಾದು ಹೋಗುತ್ತದೆ. ಕಬ್ಬಿಣದ ಆಕ್ಸೈಡ್, ಅಂದರೆ ಹೆಮಟೈಟ್, ಹಾಗಲ್ಲ. ಅದರ ಬ್ಯಾಂಡ್ ಗ್ಯಾಪ್, ಅಂದರೆ ಒಳಗಿನ ಎಲೆಕ್ಟ್ರಾನನ್ನು ಮೇಲೆ ನೆಗೆಸಲು ಬೆಳಕಿನಲ್ಲಿ ಇರಬೇಕಾದ ಕನಿಷ್ಠ ಶಕ್ತಿ, ಸುಮಾರು 2.1 ಎಲೆಕ್ಟ್ರಾನ್ ವೋಲ್ಟ್. ನೇರಳೆಯಿಂದ ಹಿಡಿದು ಹಳದಿವರೆಗಿನ ಬೆಳಕನ್ನೆಲ್ಲ ಹೀರುತ್ತದೆ. ಅದು ಕೆಂಪಗೆ ಕಾಣುವುದೇ ಅದಕ್ಕೆ. ಅಗ್ಗ, ವಿಷವಲ್ಲ, ಕಾಸ್ಟಿಕ್ ಸೋಡಾ ನೀರಿನಲ್ಲಿ ತಿಂಗಳುಗಟ್ಟಲೆ ಇಟ್ಟರೂ ಕರಗುವುದಿಲ್ಲ. ತಾಮ್ರದ ಆಕ್ಸೈಡನ್ನು ಗ್ಯಾಸ್ ಒಲೆ ಮೇಲೆಯೇ ಮಾಡಬಹುದು, ಶಾಲೆಗಳಲ್ಲಿ ಮಾಡಿಸುತ್ತಾರೆ ಕೂಡ. ಆದರೆ ಬೆಳಕು ಬಿದ್ದಾಗ ಅದು ನೀರನ್ನು ಒಡೆಯುವ ಬದಲು ತಾನೇ ಕೆಡುತ್ತಾ ಹೋಗುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಕ್ಯಾಡ್ಮಿಯಂ ಸಲ್ಫೈಡ್ ಬಳಸಿ ಈ ದಿಕ್ಕಿನಲ್ಲಿ ಒಳ್ಳೆ ಕೆಲಸ ಮಾಡಿದೆ. ಆದರೆ ಕ್ಯಾಡ್ಮಿಯಂ ಮನೆಯಲ್ಲಿ ಮುಟ್ಟುವ ವಸ್ತುವಲ್ಲ.

ಹೆಮಟೈಟ್‌ಗೆ ಎರಡು ದೊಡ್ಡ ಕೊರತೆಗಳಿವೆ. ಇವೆರಡು ಅರ್ಥವಾದರೆ ಮುಂದಿನ ಪ್ರತಿ ಹೆಜ್ಜೆಯೂ ಯಾಕೆ ಅಂತ ಗೊತ್ತಾಗುತ್ತದೆ.

ಬೆಳಕು ಬಿದ್ದಾಗ ಒಳಗೆ ಒಂದು ಎಲೆಕ್ಟ್ರಾನ್ ಮೇಲೆ ನೆಗೆಯುತ್ತದೆ. ಅದು ಬಿಟ್ಟುಹೋದ ಖಾಲಿ ಜಾಗಕ್ಕೆ ಹೋಲ್ ಅನ್ನುತ್ತಾರೆ. ನೀರಿನಿಂದ ಆಕ್ಸಿಜನ್ ಬಿಡಿಸುವುದು ಈ ಹೋಲ್. ಅದಕ್ಕೆ ಅದು ನೀರು ತಾಗುವ ಮೇಲ್ಮೈವರೆಗೆ ಬರಬೇಕು. ಹೆಮಟೈಟ್‌ನಲ್ಲಿ ಹೋಲ್ ನಡೆಯುವ ದೂರ 2ರಿಂದ 4 ನ್ಯಾನೋಮೀಟರ್ ಅಷ್ಟೇ, ಅಷ್ಟರಲ್ಲಿ ಮತ್ತೆ ಎಲೆಕ್ಟ್ರಾನ್ ಜೊತೆ ಸೇರಿ ಮುಗಿದುಹೋಗುತ್ತದೆ. ಆದರೆ ಬೆಳಕನ್ನು ಪೂರ್ತಿ ಹೀರಬೇಕಾದರೆ ಪದರ ನೂರಾರು ನ್ಯಾನೋಮೀಟರ್ ದಪ್ಪ ಬೇಕು. ದಪ್ಪ ಮಾಡಿದರೆ ಹೋಲ್ ಹೊರಗೆ ಬರಲ್ಲ, ತೆಳು ಮಾಡಿದರೆ ಬೆಳಕು ನಿಲ್ಲಲ್ಲ. ಇದಕ್ಕೆ ದಾರಿ, ಪದರವನ್ನು ಚಪ್ಪಟೆಯಾಗಿ ಬಳಿಯದೆ ಸಣ್ಣ ಸಣ್ಣ ಕಡ್ಡಿಗಳಾಗಿ ಬೆಳೆಸುವುದು. ಅಡಿಕೆ ತೋಟದ ಹಾಗೆ ಒತ್ತಾಗಿ ನಿಂತ ಕಡ್ಡಿಗಳು. ಬೆಳಕು ಉದ್ದಕ್ಕೂ ಇಳಿಯುತ್ತದೆ, ಹೋಲ್ ಅಡ್ಡಕ್ಕೆ ಒಂದು ಹೆಜ್ಜೆ ಇಟ್ಟರೆ ನೀರು ಸಿಗುತ್ತದೆ.

ಎರಡನೇ ಕೊರತೆ ವೋಲ್ಟೇಜಿನದು. ಹೆಮಟೈಟ್‌ನಲ್ಲಿ ಹೋಲ್‌ಗೆ ಬೇಕಾದಷ್ಟು ಬಲ ಇದೆ. ಎಲೆಕ್ಟ್ರಾನ್‌ಗೆ ಇಲ್ಲ. ಹೈಡ್ರೋಜನ್ ಬಿಡಿಸುವ ಮಟ್ಟಕ್ಕಿಂತ ಅದು ಸ್ವಲ್ಪ ಕೆಳಗಿದೆ. ಹಾಗಾಗಿ ಹಿಂದಿನಿಂದ ಯಾರಾದರೂ ತಳ್ಳಲೇಬೇಕು. ಆ ಎರಡು ಸಿಲಿಕಾನ್ ಸೆಲ್ ಇರುವುದು ಇದಕ್ಕೆ.

ನಮ್ಮ ಜಿಲ್ಲೆಯವರಿಗೆ ಇಲ್ಲಿ ಒಂದು ಪ್ರಶ್ನೆ ಬರುವುದು ಸಹಜ. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿ ಕಾರ್ಖಾನೆಗೆ ಅದಿರು ಹೋಗುತ್ತಿತ್ತು. ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು. ಇಷ್ಟೆಲ್ಲ ಕಬ್ಬಿಣ ಕಾಲಡಿ ಇರುವಾಗ ಅದಿರನ್ನೇ ಅರೆದು ಗಾಜಿಗೆ ಬಳಿದರೆ ಆಗಲ್ವಾ? ಆಗಲ್ಲ. ಅರೆದ ಪುಡಿಯ ಕಣ ಎಷ್ಟು ಸಣ್ಣದಾದರೂ ಮೈಕ್ರಾನ್ ಲೆಕ್ಕದ್ದು, ಹೋಲ್ ನಡೆಯುವ ದೂರಕ್ಕಿಂತ ನೂರಾರು ಪಟ್ಟು ದೊಡ್ಡದು. ಕಣದಿಂದ ಕಣಕ್ಕೆ, ಕಣದಿಂದ ಗಾಜಿಗೆ ಸಂಪರ್ಕವೂ ಸರಿ ಇರುವುದಿಲ್ಲ. ಕುದುರೆಮುಖದ ಅದಿರಂತೂ ಹೆಚ್ಚಿನಂಶ ಮ್ಯಾಗ್ನಟೈಟ್, ಅದು ಬೇರೆಯೇ ವಸ್ತು. ಬೇಕಾದ ಪದರವನ್ನು ದ್ರಾವಣದಿಂದ ಗಾಜಿನ ಮೇಲೆಯೇ ಬೆಳೆಸಬೇಕು.

ಗಾಜು ಮಾಮೂಲಿ ಗಾಜಲ್ಲ. ಒಂದು ಮೈಗೆ ಫ್ಲೋರಿನ್ ಸೇರಿಸಿದ ಟಿನ್ ಆಕ್ಸೈಡ್ ಬಳಿದಿರುತ್ತಾರೆ. ನೋಡಲು ಗಾಜೇ, ಆದರೆ ಆ ಮೈಯಲ್ಲಿ ಕರೆಂಟ್ ಹರಿಯುತ್ತದೆ. ಎಫ್‌ಟಿಒ ಗ್ಲಾಸ್ ಅಂತ ಕೇಳಿದರೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಎರಡೂವರೆ ಸೆಂಟಿಮೀಟರ್ ಅಗಲ, ಐದು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿದ ಚೂರುಗಳನ್ನೇ ತರಿಸಿದೆ. ಇದಕ್ಕೆ ಹೋಲುವ ಐಟಿಒ ಗ್ಲಾಸ್ ಕೂಡ ಇದೆ. ಅದು ಜಾಸ್ತಿ ಬಿಸಿಗೆ ತಡೆಯುವುದಿಲ್ಲ, ತಗೋಬೇಡಿ. ಯಾವ ಮೈಯಲ್ಲಿ ಕರೆಂಟ್ ಹರಿಯುತ್ತದೆ ಅಂತ ಮಲ್ಟಿಮೀಟರಿನಲ್ಲಿ ನೋಡಿ, ಇನ್ನೊಂದು ಮೈಗೆ ಮಾರ್ಕರ್‌ನಲ್ಲಿ ಗೆರೆ ಎಳೆದುಕೊಂಡೆ. ಪಾತ್ರೆ ತೊಳೆಯುವ ಲಿಕ್ವಿಡ್, ಆಮೇಲೆ ಡಿಸ್ಟಿಲ್ಡ್ ವಾಟರ್, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್. ತೊಳೆದ ಗಾಜಿನ ಮೇಲೆ ನೀರು ಹನಿಯಾಗಿ ಒಡೆಯದೆ ಹಾಳೆಯ ಹಾಗೆ ಹರಡಿ ನಿಂತರೆ ಗಾಜು ಶುದ್ಧ. ಕ್ಲಿಪ್ ಹಾಕಲು ಮೇಲಿನ ತುದಿಗೆ ಪ್ಲಂಬರ್‌ಗಳ ಟೆಫ್ಲಾನ್ ಟೇಪ್ ಸುತ್ತಿದೆ. ಅಲ್ಲಿ ತುಕ್ಕು ಕೂರಬಾರದು.

ದ್ರಾವಣಕ್ಕೆ ಬೇಕಿರುವುದು ಫೆರಿಕ್ ಕ್ಲೋರೈಡ್ ಮತ್ತು ಯೂರಿಯಾ. 200 ಮಿಲಿಲೀಟರ್ ಡಿಸ್ಟಿಲ್ಡ್ ನೀರಿಗೆ ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ 5.4 ಗ್ರಾಂ, ಯೂರಿಯಾ 1.8 ಗ್ರಾಂ. ಯೂರಿಯಾ ಅಂದಕೂಡಲೇ ಗೊಬ್ಬರದ ಚೀಲದತ್ತ ಕೈ ಹೋಗುತ್ತದೆ. ಆದರೆ 2015ರಿಂದ ನಮ್ಮ ದೇಶದಲ್ಲಿ ರೈತರಿಗೆ ಸಿಗುವ ಯೂರಿಯಾಕ್ಕೆ ಹೆಚ್ಚಾಗಿ ಬೇವಿನ ಎಣ್ಣೆ ಲೇಪಿಸಿರುತ್ತಾರೆ. ಮಣ್ಣಿಗೆ ಅದು ಒಳ್ಳೆಯದು, ಇಲ್ಲಿ ಅಲ್ಲ. ಗಾಜಿನ ಮೇಲೆ ಎಣ್ಣೆ ಪಸೆ ಕೂತರೆ ಪದರ ಅಲ್ಲಲ್ಲಿ ಹಿಡಿಯುವುದೇ ಇಲ್ಲ. ಕಾಲೇಜು ಲ್ಯಾಬಿಗೆ ಸಾಮಾನು ಕೊಡುವ ಅಂಗಡಿಯಿಂದ ಶುದ್ಧ ಯೂರಿಯಾ ತರಿಸಿದೆ. ಸಣ್ಣ ಡಬ್ಬ ಸಾಕು, ವರ್ಷಗಟ್ಟಲೆ ಬರುತ್ತದೆ.

ಈಗ ಬೇಯಿಸುವುದು. ಪುಸ್ತಕದ ವಿಧಾನದಲ್ಲಿ 100 ಡಿಗ್ರಿಯಲ್ಲಿ ಹಲವು ಗಂಟೆ ಇಡಬೇಕು. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಮೇಲಿದೆ, ಇಲ್ಲಿ ನೀರು ಕುದಿಯುವುದು 96, 97 ಡಿಗ್ರಿಗೆ. ಲ್ಯಾಬ್ ಓವನ್ ನನ್ನ ಹತ್ತಿರ ಇಲ್ಲ. ಪ್ರೆಶರ್ ಕುಕ್ಕರ್ ಎಲ್ಲಾ ಕಡೆ ಇದೆ. ವೆಯ್ಟ್ ಕೂತ ಕುಕ್ಕರಿನೊಳಗೆ ನಮ್ಮ ಎತ್ತರದಲ್ಲೂ 118, 119 ಡಿಗ್ರಿ ಸಿಗುತ್ತದೆ, ಸಮಯವೂ ಉಳಿಯುತ್ತದೆ. ಅಮ್ಮ ಹಳೆಯ ಐದು ಲೀಟರ್ ಕುಕ್ಕರ್ ಕೊಟ್ಟು, "ಇದು ಇನ್ನು ಅಡುಗೆಮನೆ ಒಳಗೆ ಕಾಲಿಡಬಾರದು ನೋಡು" ಅಂದರು. ಅದು ಸರಿಯಾದ ಮಾತು. ಇದಕ್ಕೆ ಬಳಸಿದ ಕುಕ್ಕರಿನಲ್ಲಿ ಮತ್ತೆ ಅನ್ನ ಮಾಡಬಾರದು.

ಕುಕ್ಕರಿನ ತಳದಲ್ಲಿ ಸಿಂಬಿ, ಎರಡು ಇಂಚು ನೀರು, ಅದರೊಳಗೆ ಬೋರೋಸಿಲಿಕೇಟ್ ಬಾಟಲಿ. ಬಾಟಲಿಯ ಮುಚ್ಚಳ ಹಗುರವಾಗಿ ತಿರುಗಿಸಿರಬೇಕು, ಬಿಗಿ ಮಾಡಬಾರದು. ಗಾಜಿನ ಚೂರುಗಳನ್ನು ಬಾಟಲಿಯ ಗೋಡೆಗೆ ಒರಗಿಸಿ, ಕರೆಂಟ್ ಹರಿಯುವ ಮೈ ಕೆಳಗೆ ಬರುವಂತೆ ನಿಲ್ಲಿಸಬೇಕು. ಮೇಲ್ಮುಖವಾಗಿದ್ದರೆ ದ್ರಾವಣದಲ್ಲಿ ಹುಟ್ಟುವ ಪುಡಿಯೆಲ್ಲ ಅದರ ಮೇಲೆ ಕೂರುತ್ತದೆ, ಮುಟ್ಟಿದರೆ ಉದುರುತ್ತದೆ. ಕೆಳಮುಖವಾಗಿದ್ದರೆ ಗಾಜಿಗೆ ಅಂಟಿ ಬೆಳೆದದ್ದು ಮಾತ್ರ ಉಳಿಯುತ್ತದೆ. ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ. ಆಮೇಲೆ ತಾನಾಗಿ ಆರಲು ಬಿಡಬೇಕು.

ಹೊರಗೆ ತೆಗೆದಾಗ ಗಾಜು ಅರಿಶಿನ ಬಣ್ಣ. ನಲ್ಲಿ ಕೆಳಗೆ ಹಿಡಿದರೂ ಹೋಗುವುದಿಲ್ಲ, ಬೆರಳಿನಿಂದ ಉಜ್ಜಿದರೂ ಬೆರಳಿಗೆ ಹತ್ತುವುದಿಲ್ಲ. ಇದು ಇನ್ನೂ ಹೆಮಟೈಟ್ ಅಲ್ಲ. ಇದರೊಳಗೆ ಹೈಡ್ರೋಜನ್ ಸೇರಿಕೊಂಡಿದೆ. ಸುಟ್ಟಾಗ ಅದು ನೀರಾಗಿ ಹೊರಟು, ಬರೀ ಕಬ್ಬಿಣ ಮತ್ತು ಆಕ್ಸಿಜನ್ ಉಳಿಯಬೇಕು. ಹಿಂಬದಿ ಮೈಯಲ್ಲಿ ಬೆಳೆದ ಹಳದಿಯನ್ನು ಸುಡುವ ಮೊದಲೇ ತೆಗೆಯಿರಿ, ಸುಟ್ಟಮೇಲೆ ಕಷ್ಟ. ದುರ್ಬಲ ಹೈಡ್ರೋಕ್ಲೋರಿಕ್ ಆಸಿಡ್ಡಿನಲ್ಲಿ ಅದ್ದಿದ ಇಯರ್‌ಬಡ್ ಸಾಕು.

ಸುಡುವುದಕ್ಕೆ 800 ಡಿಗ್ರಿ ಹತ್ತಿರ ಹೋಗುವ ಫರ್ನೇಸ್ ಬೇಕು. ಸಣ್ಣ ಊರಿನಲ್ಲಿ ಇದು ಎಲ್ಲಿ ಸಿಗುತ್ತದೆ? ಹಲ್ಲಿನ ಲ್ಯಾಬಿನಲ್ಲಿ. ಹಲ್ಲಿನ ಕ್ಯಾಪ್ ಎರಕ ಹೊಯ್ಯುವ ಮೊದಲು ಅಚ್ಚಿನೊಳಗಿನ ಮೇಣ ಸುಡಲು ಅವರ ಹತ್ತಿರ ಬರ್ನ್‌ಔಟ್ ಫರ್ನೇಸ್ ಇರುತ್ತದೆ. ಡಿಗ್ರಿ, ಸಮಯ ಎರಡನ್ನೂ ಸೆಟ್ ಮಾಡಬಹುದು. ನನ್ನ ಗೆಳೆಯನೊಬ್ಬ ಅಂಥ ಲ್ಯಾಬ್ ಇಟ್ಟಿದ್ದಾನೆ. ಕೇಳಿದ ತಕ್ಷಣ, "ಸಂಜೆ ಆರರ ಮೇಲೆ ಬಾರೋ, ಖಾಲಿ ಇರುತ್ತೆ. ಆದರೆ ನನ್ನ ಫರ್ನೇಸ್ ಒಳಗೆ ಏನೂ ಹತ್ತಿಸಬೇಡ" ಅಂದ. ಹೊಸ ಸೆರಾಮಿಕ್ ಟೈಲ್ ತುಂಡನ್ನು ಕತ್ತರಿಸಿ ಒಳಗೆ ಹಾಸಿ, ಅದರ ಮೇಲೆ ಗಾಜುಗಳನ್ನು ಮಟ್ಟಸವಾಗಿ ಮಲಗಿಸಿದೆವು. ಇದರಿಂದ ಫರ್ನೇಸಿಗೂ ಕ್ಷೇಮ, ಹಳೆ ಮೇಣದ ಮಸಿಯೂ ಗಾಜಿಗೆ ತಾಗುವುದಿಲ್ಲ.

550 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟಾಗ ಅರಿಶಿನ ಹೋಗಿ ಹೆಂಚಿನ ಕೆಂಪು ಬಂತು. ಅರ್ಧ ಚೂರುಗಳನ್ನು ಇಲ್ಲಿಗೇ ನಿಲ್ಲಿಸಿದೆ. ಉಳಿದ ಅರ್ಧವನ್ನು 780ಕ್ಕೆ ಏರಿಸಿ ಹತ್ತು ನಿಮಿಷ ಹಿಡಿದೆವು. ಅಷ್ಟು ಬಿಸಿಗೆ ಗಾಜು ಮೆತ್ತಗಾಗುತ್ತದೆ. ಟೈಲ್ ಪೂರ್ತಿ ಆಸರೆ ಕೊಟ್ಟಿದ್ದಕ್ಕೆ ಹೆಚ್ಚು ಬಗ್ಗಲಿಲ್ಲ. ಬಾಗಿಲು ತೆರೆಯದೆ ರಾತ್ರಿಯಿಡೀ ಆರಲು ಬಿಟ್ಟು ಬೆಳಗ್ಗೆ ತಂದೆ. ಬಿಸಿ ಇರುವಾಗ ತೆರೆದರೆ ಗಾಜು ಸೀಳುತ್ತದೆ.

ಈ ಹತ್ತು ನಿಮಿಷವೇ ಇಡೀ ಕೆಲಸದ ಜೀವ. ಕಣ್ಣಿಗೆ ಎರಡೂ ಗಾಜು ಹೆಚ್ಚು ಕಮ್ಮಿ ಒಂದೇ ಥರ. ಆದರೆ ಬೆಂಚ್ ಸಪ್ಲೈನಿಂದ, ಅಂದರೆ ಬೇಕಾದ ವೋಲ್ಟೇಜ್ ಸೆಟ್ ಮಾಡಬಹುದಾದ ಪೆಟ್ಟಿಗೆಯಿಂದ, 1.5 ವೋಲ್ಟ್ ಕೊಟ್ಟು ಬಿಸಿಲಿಗೆ ಹಿಡಿದಾಗ 550ರ ಗಾಜಿನಲ್ಲಿ ಬಂದದ್ದು ಕೆಲವು ಹತ್ತು ಮೈಕ್ರೋಆಂಪ್. 780ರ ಗಾಜಿನಲ್ಲಿ 1.2 ಮಿಲಿಆಂಪ್. ಗಾಜಿನ ಮೇಲಿದ್ದ ಟಿನ್ ಆ ಬಿಸಿಗೆ ಮೇಲೆ ಹತ್ತಿ ಹೆಮಟೈಟ್ ಒಳಗೆ ಸೇರಿಕೊಳ್ಳುತ್ತದೆ. ಟಿನ್ ಸೇರಿದ ಹೆಮಟೈಟ್‌ನಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತದೆ. ಅಂದರೆ ಗಾಜಿನ ಲೇಪ ಬರೀ ತಂತಿಯ ಕೆಲಸ ಮಾಡಲಿಲ್ಲ, ಹೆಮಟೈಟಿಗೆ ಬೇಕಾದ ಔಷಧವನ್ನೂ ಅದೇ ಕೊಟ್ಟಿತು. ನನಗೆ ಈ ಕೆಲಸದಲ್ಲಿ ಅತಿ ಹೆಚ್ಚು ಖುಷಿ ಕೊಟ್ಟ ಸಂಗತಿ ಇದು.

ಇನ್ನೊಂದು ಸಣ್ಣ ಹೆಜ್ಜೆ ಕೋಬಾಲ್ಟ್. ಹೆಮಟೈಟ್ ಮೇಲ್ಮೈಯಲ್ಲಿ ಆಕ್ಸಿಜನ್ ಬಿಡುವ ಕ್ರಿಯೆ ನಿಧಾನ, ಅಲ್ಲೇ ಹೋಲ್‌ಗಳು ಕಾದು ಕಾದು ಹಾಳಾಗುತ್ತವೆ. 2006ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಗ್ರೆಟ್ಜೆಲ್ ಅವರ ತಂಡ ಸಿಲಿಕಾನ್ ಬೆರೆಸಿದ ಹೆಮಟೈಟ್ ಮೇಲೆ ಒಂದೇ ಪದರ ಕೋಬಾಲ್ಟ್ ಕೂರಿಸಿ ಬೇಕಾದ ವೋಲ್ಟೇಜನ್ನು ಇಳಿಸಿ ತೋರಿಸಿತು. ಕೋಬಾಲ್ಟ್ ನೈಟ್ರೇಟಿನ ತೆಳು ದ್ರಾವಣದಲ್ಲಿ ಐದು ನಿಮಿಷ ಅದ್ದಿ ತೊಳೆದರೆ ಆಯಿತು. ಕೈಗೆ ಗ್ಲೌಸ್ ಇರಲಿ. ತೊಳೆದ ನೀರನ್ನು ಗಿಡದ ಬುಡಕ್ಕೆ ಸುರಿಯಬೇಡಿ, ಡಬ್ಬಿಯಲ್ಲಿ ಇಟ್ಟುಕೊಳ್ಳಿ.

ಸೆಲ್ ಕಟ್ಟುವುದಕ್ಕೆ ಬಂದರೆ, ಪ್ರತಿ ಗಾಜಿನಲ್ಲೂ ಎರಡು ಸೆಂಟಿಮೀಟರ್ ಅಗಲ, ಎರಡೂವರೆ ಸೆಂಟಿಮೀಟರ್ ಉದ್ದದ ಕಿಂಡಿ ಬಿಟ್ಟು ಉಳಿದ ಅಂಚಿಗೆಲ್ಲ ಎಪಾಕ್ಸಿ ಹಚ್ಚಿದೆ. ಅಂಥ ನಾಲ್ಕು ಗಾಜು, ಒಟ್ಟು 20 ಚದರ ಸೆಂಟಿಮೀಟರ್. ಚೌಕದ ಗಾಜಿನ ಡಬ್ಬದೊಳಗೆ ಬಿಸಿಲು ಬೀಳುವ ಗೋಡೆಗೆ ಮುಖ ಮಾಡಿ ಸಾಲಾಗಿ ನಿಲ್ಲಿಸಿ, ನಾಲ್ಕನ್ನೂ ಒಂದೇ ತಂತಿಗೆ ಸೇರಿಸಿದೆ. ಡಬ್ಬದಲ್ಲಿ ಲೀಟರಿಗೆ 40 ಗ್ರಾಂ ಲೆಕ್ಕದಲ್ಲಿ ಕಾಸ್ಟಿಕ್ ಸೋಡಾ. ಮೊದಲು ಡಿಸ್ಟಿಲ್ಡ್ ವಾಟರನ್ನು ಕುದಿಸಿ, ಮುಚ್ಚಿಟ್ಟು ಆರಿಸಿ, ಆಮೇಲೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಹಾಕಬೇಕು. ಸೋಡಾದ ಮೇಲೆ ನೀರು ಹೊಯ್ಯಬಾರದು. ಕಣ್ಣಿಗೆ ಕನ್ನಡಕ ಇಲ್ಲದೆ ಈ ದ್ರಾವಣದ ಹತ್ತಿರ ಯಾರೂ ಬರಬಾರದು. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡಲಿಲ್ಲ.

ಹೈಡ್ರೋಜನ್ ಬರುವ ಕಡೆ ನಿಕಲ್ ಪಟ್ಟಿ. ಗಾಜುಗಳ ತಂತಿ ಸಿಲಿಕಾನ್ ಸೆಲ್ ಜೋಡಿಯ ಪ್ಲಸ್‌ಗೆ, ಈ ಪಟ್ಟಿ ಮೈನಸ್‌ಗೆ. ಬ್ಯಾಟರಿ ಪ್ಯಾಕ್ ರಿಪೇರಿ ಮಾಡುವವರು ಸೆಲ್‌ಗಳನ್ನು ಜೋಡಿಸಲು ಸ್ಪಾಟ್ ವೆಲ್ಡ್ ಮಾಡುತ್ತಾರಲ್ಲ, ಅದೇ ಪಟ್ಟಿ. ಅದರಲ್ಲಿ ಎರಡು ಥರ ಇದೆ, ಪೂರ್ತಿ ನಿಕಲ್ ಒಂದು, ಕಬ್ಬಿಣದ ಮೇಲೆ ನಿಕಲ್ ಲೇಪಿಸಿದ್ದು ಇನ್ನೊಂದು. ಎಮರಿ ಪೇಪರಿನಿಂದ ಚೆನ್ನಾಗಿ ಗೀಚಿ ಉಪ್ಪು ನೀರಿನಲ್ಲಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಕಂದು ಕಲೆ ಕಂಡರೆ ಲೇಪದ್ದು. ಪಟ್ಟಿಯ ಕೆಳಭಾಗಕ್ಕೆ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಹಾಕಿ, ಮೇಲಿನ ಬರಿ ಭಾಗ ಮಾತ್ರ ಐದು ಮಿಲಿಲೀಟರ್ ಸಿರಿಂಜಿನ ಕೊಳವೆಯೊಳಗೆ ಇರುವಂತೆ ಮಾಡಿದೆ. ಸಿರಿಂಜಿನ ಮೂತಿ ಮೇಲಕ್ಕೆ, ತೆರೆದ ಬಾಯಿ ದ್ರಾವಣದಲ್ಲಿ ಮುಳುಗಿರುತ್ತದೆ. ಮೂತಿಗೆ ಡ್ರಿಪ್‌ಗೆ ಹಾಕುವ ತ್ರೀ-ವೇ, ಅಂದರೆ ತಿರುವಿ ಮುಚ್ಚುವ ಸಣ್ಣ ನಲ್ಲಿ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಡುತ್ತಾರೆ. ಅದರ ಮೂಲಕ ಇನ್ನೊಂದು ಸಿರಿಂಜಿನಿಂದ ಎಳೆದರೆ ದ್ರಾವಣ ಮೇಲಕ್ಕೆ ಏರಿ ತುಂಬುತ್ತದೆ. ತಿರುವಿದರೆ ಬಂದ್. ಆಮೇಲೆ ಗ್ಯಾಸ್ ಬಂದ ಹಾಗೆ ದ್ರಾವಣ ಕೆಳಗೆ ಇಳಿಯುತ್ತದೆ, ಎಷ್ಟು ಬಂತು ಅಂತ ಸಿರಿಂಜಿನ ಗೆರೆಯಲ್ಲೇ ಓದಬಹುದು.

ಒಂದು ಎಚ್ಚರಿಕೆ. ದ್ರಾವಣ ತಾಗುವ ಕಡೆ ಎಲ್ಲೂ ಅಲ್ಯೂಮಿನಿಯಂ ಇರಬಾರದು. ಕ್ಲಿಪ್‌ಗೆ ಫಾಯಿಲ್ ಸುತ್ತುವ ಅಭ್ಯಾಸ ತುಂಬಾ ಜನಕ್ಕಿದೆ. ಕಾಸ್ಟಿಕ್ ಸೋಡಾದಲ್ಲಿ ಅಲ್ಯೂಮಿನಿಯಂ ಬಿದ್ದರೆ ಬಿಸಿಲೂ ಬೇಡ, ಕರೆಂಟೂ ಬೇಡ, ತಾನಾಗೇ ಹೈಡ್ರೋಜನ್ ಬುರಬುರ ಬರುತ್ತದೆ. ನಿಮ್ಮ ಸೆಲ್ ಅದ್ಭುತವಾಗಿ ಕೆಲಸ ಮಾಡಿದ ಹಾಗೆ ಕಾಣುತ್ತದೆ. ಅಡುಗೆ ಉಪ್ಪನ್ನೂ ದ್ರಾವಣಕ್ಕೆ ಹಾಕಬೇಡಿ, ಕ್ಲೋರಿನ್‌ನ ಸಂಯುಕ್ತಗಳು ಹುಟ್ಟಬಹುದು.

ಅಳತೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮಲ್ಟಿಮೀಟರನ್ನು ಮೈಕ್ರೋಆಂಪ್ ರೇಂಜಿನಲ್ಲಿ ಸರಣಿಗೆ ಹಾಕಿದರೆ ಮೀಟರೇ ಸ್ವಲ್ಪ ವೋಲ್ಟೇಜ್ ತಿನ್ನುತ್ತದೆ. ಒಂದು ಮಿಲಿಆಂಪ್ ಹತ್ತಿರ ಬಂದರೆ ಅನೇಕ ಮೀಟರುಗಳಲ್ಲಿ ಅದು 0.1 ವೋಲ್ಟ್ ಆಗುತ್ತದೆ. ಪಂಪ್‌ಸೆಟ್ ರಿಪೇರಿಯಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಇಲ್ಲಿ ಇರುವುದೇ 1.1, ಅದರಲ್ಲಿ 0.1 ಹೋದರೆ ಆಟ ಮುಗಿದ ಹಾಗೆ. ಅದಕ್ಕೆ 10 ಓಮ್ ರೆಸಿಸ್ಟರ್ ಸರಣಿಯಲ್ಲಿಟ್ಟು, ಅದರ ಎರಡು ತುದಿಗೆ ಮಿಲಿವೋಲ್ಟ್ ಓದಿದೆ. 10 ಮಿಲಿವೋಲ್ಟ್ ಅಂದರೆ 1 ಮಿಲಿಆಂಪ್. ನಷ್ಟ ನೂರನೇ ಒಂದು ವೋಲ್ಟ್ ಮಾತ್ರ.

ಹನ್ನೊಂದು ಗಂಟೆ ಬಿಸಿಲು. ಅಕ್ಕನ ಮಗಳು ಸೆಕೆಂಡ್ ಪಿಯು, ಮೀಟರ್ ಓದುವ ಕೆಲಸ ಅವಳದು. ನಾನು ರಟ್ಟು ಹಿಡಿದುಕೊಂಡೆ. ಗಾಜಿಗೆ ಬಿಸಿಲು ಬಿಟ್ಟಾಗ 8.6 ಮಿಲಿವೋಲ್ಟ್. ರಟ್ಟು ಅಡ್ಡ ಹಿಡಿದಾಗ ಸೊನ್ನೆ ಹತ್ತಿರ. ತೆಗೆದರೆ ಮತ್ತೆ 8.6. ಸಿಲಿಕಾನ್ ಸೆಲ್ಲಿಗೆ ಬಿಸಿಲು ಹಾಗೇ ಇತ್ತು, ಮರೆ ಮಾಡಿದ್ದು ತುಕ್ಕಿಗೆ ಮಾತ್ರ.

"ಬಿಸಿಲಿನ ಶಾಖಕ್ಕೆ ಬರ್ತಿರಬಹುದಲ್ವಾ ಮಾವ?" ಅಂದಳು. ಒಳ್ಳೆ ಪ್ರಶ್ನೆ. ಶಾಖವಾದರೆ ರಟ್ಟು ಹಿಡಿದ ಕ್ಷಣಕ್ಕೆ ಹೋಗುವುದಿಲ್ಲ, ನಿಧಾನಕ್ಕೆ ಇಳಿಯಬೇಕು. ಇನ್ನೂ ಗಟ್ಟಿ ಪುರಾವೆ ಬೇಕು ಅಂತ ಬಣ್ಣದ ಜಿಲೇಟಿನ್ ಹಾಳೆ ತಂದೆವು. ಕೆಂಪು ಹಾಳೆ ಮುಚ್ಚಿದರೆ ಕಣ್ಣಿಗೆ ಬೆಳಕು ಜೋರಾಗೇ ಇದೆ, ಶಾಖವೂ ಹೆಚ್ಚು ಕಮ್ಮಿ ಅಷ್ಟೇ ದಾಟುತ್ತದೆ, ಆದರೆ ಮೀಟರ್ ನೆಲ ಕಚ್ಚಿತು. ನೀಲಿ ಹಾಳೆಯಲ್ಲಿ ಕಣ್ಣಿಗೆ ಮಂಕು, ಆದರೂ ಮೀಟರಿನಲ್ಲಿ ಒಂದು ಪಾಲು ಉಳಿಯಿತು. ಹೆಮಟೈಟ್ ಕೆಂಪನ್ನು ಹೀರುವುದಿಲ್ಲ, ನೀಲಿಯನ್ನು ಹೀರುತ್ತದೆ. ಅವಳು ಹಾಳೆ ಬದಲಿಸಿ ಬದಲಿಸಿ ನೋಡಿದಳು. ಬ್ಯಾಂಡ್ ಗ್ಯಾಪ್ ಅನ್ನುವುದನ್ನು ಕೈಯಲ್ಲಿ ಹಿಡಿದು ತೋರಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ನಮ್ಮ ಪಿಯು ಕಾಲೇಜುಗಳಲ್ಲಿ ಇದನ್ನು ಮಾಡಿಸಬೇಕು ಅಂತ ನಿಜವಾಗಲೂ ಅನ್ನಿಸುತ್ತದೆ.

ಆದರೂ ನಾನು ಹೇಳಲೇಬೇಕಾದ ಮಾತು ಇದು: ಕರೆಂಟ್ ಬಂತು ಅಂದರೆ ಹೈಡ್ರೋಜನ್ ಬಂತು ಅಂತ ಅರ್ಥವಲ್ಲ. ದ್ರಾವಣದಲ್ಲಿ ಕರಗಿರುವ ಆಕ್ಸಿಜನ್ ನಿಕಲ್ ಪಟ್ಟಿಗೆ ತಲುಪಿದರೆ, ಅಲ್ಲಿ ಎಲೆಕ್ಟ್ರಾನ್‌ಗಳನ್ನು ಅದೇ ಎತ್ತಿಕೊಳ್ಳುತ್ತದೆ. ಹೈಡ್ರೋಜನ್ ಬಿಡಿಸುವುದಕ್ಕಿಂತ ಅದು ಸುಲಭದ ಕೆಲಸ. ಮೀಟರ್ ಓಡುತ್ತಲೇ ಇರುತ್ತದೆ, ಗ್ಯಾಸ್ ಮಾತ್ರ ಇರುವುದಿಲ್ಲ. ಕುದಿಸಿದ ನೀರು ಬಳಸಿದ್ದು, ಪಟ್ಟಿಯನ್ನು ಕೊಳವೆಯೊಳಗೆ ಕೂರಿಸಿದ್ದು ಎರಡೂ ಇದಕ್ಕಾಗಿಯೇ. ಈ ವಿಷಯದಲ್ಲಿ ಮೈಕ್ರೋಆಂಪ್ ತೋರಿಸಿ ಹೈಡ್ರೋಜನ್ ಅನ್ನುವ ವಿಡಿಯೋಗಳು ಬೇಕಾದಷ್ಟಿವೆ. ಗ್ಯಾಸ್ ಅಳೆದು ತೋರಿಸದಿದ್ದರೆ ನಂಬಬೇಡಿ, ನನ್ನದನ್ನೂ.

ಲೆಕ್ಕ ಹೀಗೆ. ಒಂದು ಮಿಲಿಆಂಪ್ ಒಂದು ಗಂಟೆ ಹರಿದರೆ ಸಮುದ್ರಮಟ್ಟದಲ್ಲಿ ಸುಮಾರು 0.46 ಮಿಲಿಲೀಟರ್ ಹೈಡ್ರೋಜನ್. ನಮ್ಮ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಅಷ್ಟೇ ಹೈಡ್ರೋಜನ್ ಇನ್ನೂ ಸ್ವಲ್ಪ ಜಾಗ ತಗೊಳ್ಳುತ್ತದೆ, 0.53 ಅಂತ ಇಟ್ಟುಕೊಳ್ಳಿ. ಹನ್ನೊಂದರಿಂದ ಮೂರು ಗಂಟೆವರೆಗೆ ಸರಾಸರಿ 0.8 ಮಿಲಿಆಂಪ್ ಇತ್ತು. ಬರಬೇಕಾದದ್ದು 1.7 ಮಿಲಿಲೀಟರ್. ಸಿರಿಂಜಿನಲ್ಲಿ ನಿಂತದ್ದು 1.3. ಉಳಿದದ್ದು ಸ್ವಲ್ಪ ದ್ರಾವಣದಲ್ಲಿ ಕರಗಿತು, ಸ್ವಲ್ಪ ಕರೆಂಟನ್ನು ಆಕ್ಸಿಜನ್ ಕದ್ದಿತು. ನಾಲ್ಕರಲ್ಲಿ ಮೂರು ಪಾಲು ಕೈಗೆ ಬಂದದ್ದು ಮನೆಯಲ್ಲಿ ಕಟ್ಟಿದ ಸೆಲ್ಲಿಗೆ ಒಳ್ಳೆಯ ಲೆಕ್ಕವೇ.

ಮಾರನೇ ದಿನ ಅದೇ ಹೊತ್ತಿಗೆ, ಅದೇ ಬಿಸಿಲಿಗೆ ಎಲ್ಲ ಹಾಗೇ ಇಟ್ಟು, ಡಬ್ಬಕ್ಕೆ ಮಾತ್ರ ಕಪ್ಪು ಬಟ್ಟೆ ಹೊದಿಸಿದೆ. ಸಿಲಿಕಾನ್ ಸೆಲ್ಲುಗಳು ಬಿಸಿಲಲ್ಲೇ. ಮೂರು ಗಂಟೆಗೆ ತೆರೆದು ನೋಡಿದರೆ ಸಿರಿಂಜಿನ ತುದಿಯಲ್ಲಿ ಒಂದು ಗುಳ್ಳೆಯೂ ಇಲ್ಲ. ಅಲ್ಲಿಗೆ ನನಗೆ ಸಮಾಧಾನವಾಯಿತು. ಹಿಂದಿನ ದಿನದ 1.3 ಮಿಲಿಲೀಟರ್ ಗ್ಯಾಸನ್ನು ನೀರಿನಡಿ ಸಣ್ಣ ಟೆಸ್ಟ್‌ಟ್ಯೂಬಿಗೆ ಇಳಿಸಿಕೊಂಡು, ಬಾಯಿ ಕೆಳಗೆ ಮಾಡಿ ಬೆಂಕಿಕಡ್ಡಿ ಹಿಡಿದಿದ್ದೆವು. ಟಪ್ ಅಂದಿತು. ಗಾಳಿಯಲ್ಲಿ ಹೈಡ್ರೋಜನ್ ಶೇ. 4ರಿಂದ 75ರವರೆಗೆ ಇದ್ದರೂ ಹತ್ತಿಕೊಳ್ಳುತ್ತದೆ. ಅದಕ್ಕೇ ಈ ಪರೀಕ್ಷೆಯನ್ನು ಒಂದೆರಡು ಮಿಲಿಲೀಟರಿಗಿಂತ ಜಾಸ್ತಿ ಗ್ಯಾಸಿನಲ್ಲಿ ಮಾಡಲೇಬಾರದು. ಶೇಖರಿಸಿ ಇಡುವ ಯೋಚನೆಯೂ ಬೇಡ.

ಇದರ ದಕ್ಷತೆ ಎಷ್ಟು ಅಂತ ಕೇಳುವವರಿಗೆ: 20 ಚದರ ಸೆಂಟಿಮೀಟರಿಗೆ ಬಿದ್ದ ಬಿಸಿಲು ಸುಮಾರು 2 ವ್ಯಾಟ್, ಹೈಡ್ರೋಜನ್ ಆಗಿ ಬಂದದ್ದು ಒಂದು ಮಿಲಿವ್ಯಾಟಿಗಿಂತ ಕಡಿಮೆ. ಸೇಕಡಾ 0.04ರ ಆಸುಪಾಸು, ಸಿಲಿಕಾನ್ ಸೆಲ್ಲಿನ ಜಾಗವನ್ನೂ ಸೇರಿಸಿದರೆ ಇನ್ನೂ ಕಡಿಮೆ. ಜಪಾನಿನ ಡೊಮೆನ್ ಅವರ ತಂಡ 2021ರಲ್ಲಿ ಪ್ರಕಟಿಸಿದ 100 ಚದರ ಮೀಟರ್ ಹಾಸಿನಲ್ಲಿ, ಹೊರಗಿನ ವೋಲ್ಟೇಜೇ ಇಲ್ಲದೆ, ಸ್ಟ್ರಾನ್ಷಿಯಂ ಟೈಟನೇಟ್ ಪುಡಿಯಿಂದ ಬಂದದ್ದು ಶೇ. 0.76. ಅಮೆರಿಕದ ಟರ್ನರ್ 1998ರಲ್ಲೇ ದುಬಾರಿ ಸೆಮಿಕಂಡಕ್ಟರ್ ಬಳಸಿ ಶೇ. 12.4 ತೋರಿಸಿದ್ದರು, ಆದರೆ ಅದು ನೀರಿನಲ್ಲಿ ಬೇಗ ಸವೆಯಿತು. ಇವತ್ತಿನ ಮಟ್ಟಿಗೆ ಚಾವಣಿ ಮೇಲಿನ ಪ್ಯಾನೆಲ್ ಮತ್ತು ಕರೆಂಟಿನಿಂದ ನೀರು ಒಡೆಯುವ ಬೇರೆಯೇ ಯಂತ್ರ ಎಲೆಕ್ಟ್ರೊಲೈಸರ್, ಇವೆರಡರ ಜೋಡಿಯೇ ಮುಂದೆ ಇದೆ. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಹೈಡ್ರೋಜನ್ ಅಂತ 2023ರಲ್ಲಿ ನಮ್ಮ ಸರ್ಕಾರ ಇಟ್ಟುಕೊಂಡ ಗುರಿಯೂ ನಿಂತಿರುವುದು ಮುಖ್ಯವಾಗಿ ಎಲೆಕ್ಟ್ರೊಲೈಸರ್ ಮೇಲೆಯೇ. ಅದು ಸರಿಯಾದ ಆಯ್ಕೆ ಅಂತಲೇ ನನ್ನ ಅಭಿಪ್ರಾಯ. ಆದರೆ ತುಕ್ಕಿನ ಲೆಕ್ಕ ಬೇರೆ. ಹೆಮಟೈಟ್ ತನ್ನ ಪಾಲಿನ ಬೆಳಕನ್ನೆಲ್ಲ ಬಳಸಿದರೆ ಚದರ ಸೆಂಟಿಮೀಟರಿಗೆ 12.6 ಮಿಲಿಆಂಪ್ ಕೊಡಬೇಕು. ನನ್ನದು ಕೊಟ್ಟದ್ದು 0.04. ಈ ಎರಡರ ನಡುವೆ ಇರುವುದೆಲ್ಲ ವಸ್ತುವನ್ನು ಹೇಗೆ ಬೆಳೆಸಬೇಕು, ಹೇಗೆ ಸುಡಬೇಕು, ಮೇಲೆ ಏನು ಹಚ್ಚಬೇಕು ಅನ್ನುವ ಕೈಕೆಲಸ. ಹತ್ತು ನಿಮಿಷದ 780 ಡಿಗ್ರಿ ಎಷ್ಟು ವ್ಯತ್ಯಾಸ ಮಾಡಿತು ಅಂತ ನೋಡಿದಮೇಲೆ, ಆ ಕೆಲಸಕ್ಕೆ ಇನ್ನೂ ತುಂಬಾ ಜನ ಕೈ ಹಾಕಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ.

ಸದ್ಯದ ಸ್ಥಿತಿ: ತುಕ್ಕಿಗೆ ಏನೂ ಆಗಿಲ್ಲ, ಬಣ್ಣವೂ ಮಾಸಿಲ್ಲ. ಸೋತಿರುವುದು ಅಂಚಿನ ಎಪಾಕ್ಸಿ. ಕಾಸ್ಟಿಕ್ ದ್ರಾವಣದಲ್ಲಿ ದಿನ ಕಳೆದಂತೆ ಮೆತ್ತಗಾಗಿ ಒಂದು ಗಾಜಿನಲ್ಲಿ ಎದ್ದುಬಂದಿದೆ. ಮುಂದಿನ ಸೆಟ್ಟಿಗೆ ಎಪಾಕ್ಸಿ ಬಿಟ್ಟು, ರಬ್ಬರ್ ಓ-ರಿಂಗ್ ಒತ್ತಿ ಕೂರಿಸುವ ಚೌಕಟ್ಟು ಮಾಡುತ್ತಿದ್ದೇನೆ. ಪಂಪ್‌ಸೆಟ್ಟಿಗೆ ಹಾಕುವ ಇಪಿಡಿಎಂ ಅನ್ನುವ ರಬ್ಬರಿನ ರಿಂಗ್ ಕಾಸ್ಟಿಕ್‌ಗೆ ಚೆನ್ನಾಗಿ ತಡೆಯುತ್ತದೆ, ಅದು ಅಂಗಡಿಯಲ್ಲೇ ಇದೆ. ಗಾಜು ತೆಗೆದು ಹಾಕುವುದೂ ಆಗ ಸುಲಭ. 780ರ ಬದಲು 750, 800 ಎರಡನ್ನೂ ಹೋಲಿಸಿ ನೋಡಬೇಕು, ಅದಕ್ಕೆ ಗೆಳೆಯನ ಫರ್ನೇಸ್ ಖಾಲಿ ಆಗುವುದನ್ನು ಕಾಯುತ್ತಿದ್ದೇನೆ. ಜೂನ್ ಮಳೆ ಹಿಡಿಯುವ ಮೊದಲು ಆ ಅಳತೆ ಮುಗಿಯಬೇಕು.